ವೀರಗಲ್ಲು ಹೇಳದೆ ಬಿಟ್ಟ ಕಥೆ

ಚಿಕ್ಕಬಳ್ಳಾಪುರ ಸೀಮೆಯ ಕಲ್ಲಿನ ವೀರರು ಇನ್ನೂ ತೆರೆಗೆ ಬಂದಿಲ್ಲ. ದಾರಿಯನ್ನಂತೂ ಕಾರ್ನಾಡರು 1978ರಲ್ಲೇ ತೋರಿಸಿದ್ದಾರೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ: ಗಂಗರು, ಬಾಣರು, ನೊಳಂಬರು ಕಾದಾಡಿದ ಸೀಮೆಯಿದು. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಈ ನಾಲ್ಕೂ ತಾಲ್ಲೂಕುಗಳ ವೀರಗಲ್ಲುಗಳಿವೆ. ತುರು ಬಿಡಿಸಲು ಹೋಗಿ ಸತ್ತವನು, ಒಡೆಯನಿಗಾಗಿ ಕಾದಿ ಮಡಿದವನು. ಇಂಥವರ ಬದುಕೆಲ್ಲ ಅಲ್ಲಿ ಕೆಲವೇ ಸಾಲಿಗೆ ಮುಗಿಯುತ್ತದೆ.

ಮೂರು ಪಟ್ಟಿಕೆಯ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ನೆತ್ತಿಯಲ್ಲಿ ಸೂರ್ಯ, ಚಂದ್ರ. ಹೊರಡುವ ಮುನ್ನ ಅವನಿಗೆ ಅಂಜಿಕೆಯಾಗಿತ್ತೇ? ಅವನು ಸತ್ತಿದ್ದರಿಂದ ಯಾರಿಗೆ ಲಾಭವಾಯಿತು? ಅದನ್ನು ಕಲ್ಲು ಹೇಳುವುದಿಲ್ಲ.

ಬಾಡಿಗೆಯ ಕತ್ತಿ

ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಕೈಹಾಕಿದ್ದು ಈ ಪ್ರಶ್ನೆಗೇ. ಹೊಯ್ಸಳರ ಕಾಲದ ಹಿನ್ನೆಲೆ, ಜಗಳಕ್ಕೆ ನಿಂತ ಇಬ್ಬರು ಅಣ್ಣತಮ್ಮಂದಿರು. ಒಬ್ಬನ ಕಡೆ ಕೂಲಿಗೆ ಬಂದ ಗಂಡುಗಲಿ (ಶಂಕರ್ ನಾಗ್), ಇನ್ನೊಬ್ಬನ ಕಡೆ ದಳಪತಿ ಪೆರ್ಮಾಡಿ (ಸುಂದರಕೃಷ್ಣ ಅರಸ್). ಎದುರಾಳಿಗಳಾದ ಈ ಇಬ್ಬರೂ ಕೊನೆಗೆ ತಮ್ಮ ಧಣಿಗಳ ವಿರುದ್ಧವೇ ಒಂದಾಗುತ್ತಾರೆ. ಅಕಿರಾ ಕುರೊಸಾವಾರ ಸಮುರಾಯ್ ಚಿತ್ರಗಳಿಗೆ ಸಲ್ಲಿಸಿದ ಗೌರವವಿದು. ಕತ್ತಿವರಸೆ ಬೇಕಾದಷ್ಟಿದೆ. ಆದರೂ ಮನಸ್ಸಿನಲ್ಲಿ ಉಳಿಯುವುದು ಏಟಿಗಿಂತ ಹೆಚ್ಚಾಗಿ ಏಟಿಗೆ ಮುಂಚಿನ ಕಾಯುವಿಕೆ, ಒಬ್ಬರನ್ನೊಬ್ಬರು ಅಳೆಯುವ ನೋಟ. ಶಂಕರ್ ನಾಗ್ ಅವರ ಈ ಮೊದಲ ಚಿತ್ರವೇ 1979ರ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ತಂದುಕೊಟ್ಟಿತು.

ನಿಧಾನವೇ ನೋಟ

ಹೊರಗೂ ಇದೇ ಹಾದಿ ಹಿಡಿದವರಿದ್ದಾರೆ. ರಾಬರ್ಟ್ ಬ್ರೆಸೊನ್ 1974ರ ‘ಲ್ಯಾನ್ಸಲಾಟ್’ ಚಿತ್ರದಲ್ಲಿ ನೈಟ್‌ಗಳ ಪಂದ್ಯವನ್ನು ಹೆಚ್ಚಾಗಿ ಕುದುರೆಯ ಕಾಲು, ಈಟಿ, ಕವಚದ ಸದ್ದುಗಳಲ್ಲೇ ತೋರಿಸಿದರು. 14ನೇ ಶತಮಾನದ ಇಂಗ್ಲಿಷ್ ಕಾವ್ಯವನ್ನು ಆಧರಿಸಿ ಡೇವಿಡ್ ಲೋವರಿ 2021ರಲ್ಲಿ ಮಾಡಿದ ‘ದಿ ಗ್ರೀನ್ ನೈಟ್’ನಲ್ಲಿ ದೇವ್ ಪಟೇಲ್ ಅಭಿನಯದ ಗವೇನ್ ಕೊಟ್ಟ ಮಾತಿಗೆ ಕಟ್ಟುಬಿದ್ದು, ವರ್ಷ ಕಳೆದ ಮೇಲೆ ತಲೆಯೊಡ್ಡಲು ಹೊರಡುತ್ತಾನೆ. ಆ ಪ್ರಯಾಣವನ್ನು ಅವಸರದಲ್ಲಿ ತೋರಿಸಿದ್ದರೆ ಗೆಲುವು ಸೋಲಿನ ಲೆಕ್ಕವಷ್ಟೇ ಉಳಿಯುತ್ತಿತ್ತು. ಅವನ ಭಯ ನಮ್ಮದಾಗುತ್ತಿರಲಿಲ್ಲ.

ನಮ್ಮ ವೀರಗಲ್ಲುಗಳಿಗೆ ಬೇಕಿರುವುದೂ ಈ ವ್ಯವಧಾನವೇ. ಕೋಟಿಗಟ್ಟಲೆ ಸೆಟ್, ಗ್ರಾಫಿಕ್ಸ್ ಸೈನ್ಯ ಎಲ್ಲ ಆಮೇಲಿನ ಮಾತು. ಕನ್ನಡದ ಹೊಸ ನಿರ್ದೇಶಕರು ಮೊದಲು ರೈಸರ ಸಂಪುಟ ತೆರೆಯಲಿ, ಈ ನಾಲ್ಕು ತಾಲ್ಲೂಕು ಸುತ್ತಲಿ. ನಮ್ಮೂರಿನವರು ಅಷ್ಟರೊಳಗೆ ಆ ಕಲ್ಲುಗಳು ಚರಂಡಿಯ ಚಪ್ಪಡಿಯಾಗದಂತೆ ನೋಡಿಕೊಳ್ಳಲಿ.