ಗೊಬ್ಬರದ ಜೊತೆ ಬರುವ ಲೋಹ

ಹೊಲಕ್ಕೆ ಗೊಬ್ಬರ ಹಾಕ್ತೇವೆ. ಬೆಳೆ ಬರುತ್ತದೆ. ಬೆಳೆದದ್ದನ್ನು ಉಣ್ಣುತ್ತೇವೆ. ಗೊಬ್ಬರದಲ್ಲಿ ಇರುವುದು ಮಣ್ಣಿಗೆ ಸೇರುತ್ತದೆ. ಮಣ್ಣಿನಿಂದ ಬೇರಿಗೆ, ಬೇರಿನಿಂದ ಸೊಪ್ಪಿಗೆ, ಕಾಳಿಗೆ. ಅಲ್ಲಿಂದ ನಮ್ಮ ತಟ್ಟೆಗೆ. ಹಾಗಾದರೆ ಗೊಬ್ಬರದ ಚೀಲದಲ್ಲಿ ಏನೇನು ಇರುತ್ತದೆ? ತಿಳಿಯೋಣ ಬನ್ನಿ.

ಕಲ್ಲಿನಿಂದ ಗೊಬ್ಬರ

ಡಿ.ಎ.ಪಿ., ಸೂಪರ್ ಫಾಸ್ಫೇಟ್ ನಮಗೆಲ್ಲ ಗೊತ್ತು. ಇವುಗಳಲ್ಲಿ ರಂಜಕ ಇದೆ. ಬೇರು ಚೆನ್ನಾಗಿ ಬೆಳೆಯಲು ರಂಜಕ ಬೇಕು. ನೆಲದಿಂದ ಅಗೆದ ಒಂದು ಬಗೆಯ ಕಲ್ಲಿನಿಂದ ಈ ಗೊಬ್ಬರ ತಯಾರಿಸುತ್ತಾರೆ. ರಾಜಸ್ಥಾನದಲ್ಲಿ ಈ ಕಲ್ಲು ಸಿಗುತ್ತದೆ. ಅದು ಸಾಲದು. ಮೊರಾಕ್ಕೊ, ಜೋರ್ಡಾನ್ ಮುಂತಾದ ದೇಶಗಳಿಂದಲೂ ತರಿಸುತ್ತಾರೆ.

ಈ ಕಲ್ಲಿನಲ್ಲಿ ಕ್ಯಾಡ್ಮಿಯಂ ಎಂಬ ಲೋಹವೂ ಸ್ವಲ್ಪ ಇರುತ್ತದೆ. ಒಂದು ಕಡೆಯ ಕಲ್ಲಿನಲ್ಲಿ ಕಡಿಮೆ, ಇನ್ನೊಂದು ಕಡೆಯದರಲ್ಲಿ ಹೆಚ್ಚು. ಕಬ್ಬಿಣ, ಸತು ನಮ್ಮ ಮೈಗೆ ಬೇಕು. ಕ್ಯಾಡ್ಮಿಯಂ, ಸೀಸ ಬೇಡವೇ ಬೇಡ. ಇವು ಕೊಳೆತು ಹೋಗುವುದಿಲ್ಲ. ಹನಿ ಹನಿ ಕೂಡಿ ಹಳ್ಳ ಅಂತೀವಲ್ಲ, ಹಾಗೆ ವರ್ಷ ವರ್ಷ ಮಣ್ಣಿನಲ್ಲಿ ಕೂಡುತ್ತಾ ಹೋಗುತ್ತವೆ.

ಜಪಾನಿನ ಹೆಂಗಸರ ಕಷ್ಟ

ಜಪಾನಿನಲ್ಲಿ ಜಿಂಜು ಎಂಬ ನದಿ ಇದೆ. ಅದರ ಮೇಲ್ಭಾಗದಲ್ಲಿ ಸತುವಿನ ಗಣಿ ಇತ್ತು. ಗಣಿಯ ಕೊಳೆ ನದಿಗೆ ಸೇರಿತು. ಆ ನೀರು ಗದ್ದೆಗೆ ಹರಿಯಿತು. ಅಕ್ಕಿಗೆ ಕ್ಯಾಡ್ಮಿಯಂ ಬಂತು. ಬಹಳ ವರ್ಷ ಆ ಅಕ್ಕಿ ಉಂಡವರ ಮೂತ್ರಪಿಂಡ ಕೆಟ್ಟಿತು. ಮೂಳೆ ಮೆತ್ತಗಾಗಿ ಮುರಿಯತೊಡಗಿತು. ನರಳಿದವರಲ್ಲಿ ಹೆಚ್ಚಿನವರು ಹೆಂಗಸರು. ಹಲವು ಮಕ್ಕಳನ್ನು ಹೆತ್ತು, ನಡುವಯಸ್ಸು ದಾಟಿದವರು. ಜನ ಈ ಕಾಯಿಲೆಯನ್ನು 'ಇತಾಯ್ ಇತಾಯ್' ಎಂದು ಕರೆದರು. ಅಂದರೆ 'ನೋವು, ನೋವು'. ಗಣಿಯ ಕ್ಯಾಡ್ಮಿಯಂನಿಂದಲೇ ಈ ಕಾಯಿಲೆ ಬಂತೆಂದು 1968ರಲ್ಲಿ ಅಲ್ಲಿನ ಸರ್ಕಾರ ಒಪ್ಪಿಕೊಂಡಿತು.

ಅಲ್ಲಿ ಲೋಹ ಬಂದದ್ದು ಗಣಿಯಿಂದ, ಗೊಬ್ಬರದಿಂದ ಅಲ್ಲ. ಗೊಬ್ಬರದಿಂದ ಬರುವುದು ಅದಕ್ಕಿಂತ ಬಹಳ ಕಡಿಮೆ. ಹೆದರುವುದು ಬೇಡ, ಎಚ್ಚರ ಬೇಕು. ಏಕೆಂದರೆ ಮೈಗೆ ಸೇರಿದ ಕ್ಯಾಡ್ಮಿಯಂ ಹತ್ತಾರು ವರ್ಷ ಮೂತ್ರಪಿಂಡದಲ್ಲೇ ಉಳಿಯುತ್ತದೆ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಇದ್ದರೆ ಕ್ಯಾಡ್ಮಿಯಂ ಇನ್ನೂ ಹೆಚ್ಚು ಸೇರುತ್ತದೆ. ನಮ್ಮಲ್ಲಿ ರಕ್ತಹೀನತೆ ಇರುವ ಹೆಂಗಸರು ಎಷ್ಟು ಮಂದಿ! ಆದ್ದರಿಂದ ಇದು ನಮ್ಮದೇ ಮಾತು.

ಯಾವ ಗಿಡ ಹೆಚ್ಚು ಹೀರುತ್ತದೆ?

ಸೊಪ್ಪಿನ ಗಿಡಗಳು ಕ್ಯಾಡ್ಮಿಯಂ ಹೆಚ್ಚು ಹೀರುತ್ತವೆ. ಹೊಗೆಸೊಪ್ಪು, ಗಾಂಜಾ ಗಿಡಗಳೂ ಹಾಗೆಯೇ. ಬೀಡಿ ಸೇದಿದರೆ ಹೊಗೆಯ ಜೊತೆ ಕ್ಯಾಡ್ಮಿಯಂ ಎದೆಗೆ ಇಳಿಯುತ್ತದೆ. ಸೊಪ್ಪು ತೊಳೆದರೆ ಮೇಲಿನ ಮಣ್ಣು, ಧೂಳು ಹೋಗುತ್ತದೆ. ಎಲೆಯ ಒಳಗೆ ಸೇರಿದ ಲೋಹ ತೊಳೆದರೂ ಹೋಗದು, ಬೇಯಿಸಿದರೂ ಹೋಗದು. ಅದನ್ನು ಮಣ್ಣಿನಲ್ಲೇ ತಡೆಯಬೇಕು.

ನಾವೇನು ಮಾಡಬಹುದು?

1. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಮಣ್ಣು ಪರೀಕ್ಷೆ ಮಾಡಿಸೋಣ. ಮಣ್ಣು ಆರೋಗ್ಯ ಚೀಟಿಯಲ್ಲಿ ಕ್ಯಾಡ್ಮಿಯಂ ಲೆಕ್ಕ ಇರುವುದಿಲ್ಲ. ಆದರೆ ರಂಜಕ ಎಷ್ಟು ಬೇಕು ಎಂಬುದು ತಿಳಿಯುತ್ತದೆ. ಅಷ್ಟೇ ಹಾಕೋಣ. ದುಡ್ಡೂ ಉಳಿಯುತ್ತದೆ.

2. ಹುಳಿ ಮಣ್ಣಿನಲ್ಲಿ ಬೇರು ಕ್ಯಾಡ್ಮಿಯಂ ಬೇಗ ಹೀರುತ್ತದೆ. ಮಣ್ಣು ಹುಳಿ ಎಂದು ಪರೀಕ್ಷೆಯಲ್ಲಿ ಬಂದರೆ, ಹೇಳಿದಷ್ಟು ಸುಣ್ಣ ಹಾಕೋಣ. ಕೊಟ್ಟಿಗೆ ಗೊಬ್ಬರವೂ ಲೋಹವನ್ನು ಮಣ್ಣಿನಲ್ಲೇ ಹಿಡಿದಿಡುತ್ತದೆ.

3. ಬ್ಯಾಟರಿ ಸೆಲ್ಲು, ಬಣ್ಣದ ಡಬ್ಬ ತಿಪ್ಪೆಗೆ ಎಸೆಯಬಾರದು. ಅವುಗಳ ಲೋಹ ಗೊಬ್ಬರಕ್ಕೆ ಸೇರುತ್ತದೆ.

4. ಪಟ್ಟಣದ ಕಸದ ಗೊಬ್ಬರ ಕೊಳ್ಳುವಾಗ ಚೀಲದ ಮೇಲಿನ ಬರಹ ಓದೋಣ. ಕಾನೂನಿನ ಪ್ರಕಾರ ಒಂದು ಕಿಲೋ ಗೊಬ್ಬರದಲ್ಲಿ ಕ್ಯಾಡ್ಮಿಯಂ 5 ಮಿಲಿಗ್ರಾಂ, ಸೀಸ 100 ಮಿಲಿಗ್ರಾಂ ದಾಟಬಾರದು. ಪರೀಕ್ಷೆ ಆಗಿದೆಯೇ ಎಂದು ಧೈರ್ಯವಾಗಿ ಕೇಳೋಣ. ರಸೀದಿ ಪಡೆಯೋಣ.

5. ಕಾರ್ಖಾನೆಯ ಕೊಳೆನೀರು ಹರಿಯುವ ಕಡೆ ಸೊಪ್ಪು, ತರಕಾರಿ ಬೆಳೆಯುವುದು ಬೇಡ.

6. ಗೊಬ್ಬರದ ಖಾಲಿ ಚೀಲದಲ್ಲಿ ಅಕ್ಕಿ, ರಾಗಿ ತುಂಬಿಡಬಾರದು. ಗೊಬ್ಬರ ಎರಚಿದ ಮೇಲೆ ಸೋಪು ಹಚ್ಚಿ ಕೈ ತೊಳೆದು ಊಟಕ್ಕೆ ಕೂರೋಣ.

ಮಣ್ಣಿಗೆ ಸೇರಿದ ಲೋಹವನ್ನು ತೆಗೆಯುವುದು ಬಹಳ ಕಷ್ಟ. ಸೇರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಕೂಡಿ ಮಾತಾಡೋಣ

* ನಮ್ಮ ಹೊಲಕ್ಕೆ ಯಾವ ಗೊಬ್ಬರ, ಎಷ್ಟು ಚೀಲ ಹಾಕುತ್ತೇವೆ? ಲೆಕ್ಕ ಬರೆಯಿರಿ.
* ನಮ್ಮ ತಿಪ್ಪೆಯಲ್ಲಿ ಏನೇನು ಬೀಳುತ್ತದೆ?
* ಮನೆಯಲ್ಲಿರುವ ಗೊಬ್ಬರದ ಚೀಲದ ಮೇಲಿನ ಬರಹವನ್ನು ಓದಿ ಹೇಳಿ.