ಸೂಕ್ಷ್ಮಜೀವಿಶಾಸ್ತ್ರದ ಪದವಿ: ವೆಚ್ಚವೆಷ್ಟು, ಫಲವೆಷ್ಟು?

ಪಿ.ಯು.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾಗುವ ಕಾಲದಲ್ಲಿ ನಮ್ಮ ನಾಡಿನ ಮಧ್ಯಮವರ್ಗದ ಮನೆಗಳಲ್ಲೆಲ್ಲ ಒಂದೇ ಚರ್ಚೆ. ವೈದ್ಯಕೀಯ ಕಾಲೇಜಿನಲ್ಲಿ ಸ್ಥಳ ದೊರೆಯದ ಮಕ್ಕಳನ್ನು, ಇದೂ ಡಾಕ್ಟರಿಕೆಗೆ ಸಮೀಪವಾದ ವಿದ್ಯೆಯೆಂದು ಸಮಾಧಾನಪಡಿಸಿ, ಸೂಕ್ಷ್ಮಜೀವಿಶಾಸ್ತ್ರದ ಬಿ.ಎಸ್‌ಸಿ. ತರಗತಿಗೆ ಸೇರಿಸುವ ತಂದೆತಾಯಿಗಳು ಅನೇಕರು. ವಿದ್ಯೆಯನ್ನು ಹಣದಿಂದ ಅಳೆಯಬಾರದೆಂಬ ಹಿರಿಯರ ಮಾತಿಗೆ ನಾವು ತಲೆಬಾಗುತ್ತೇವೆ. ಆದರೆ ಹೊಲವನ್ನು ಒತ್ತೆಯಿಟ್ಟು ಶುಲ್ಕ ತೆರುವವನಿಗೆ ಲೆಕ್ಕ ಕೇಳುವ ಹಕ್ಕುಂಟು. ಆ ಲೆಕ್ಕವನ್ನು ವಾಚಕರ ಮುಂದಿಡುವುದೇ ನಮ್ಮ ಉದ್ದೇಶವು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಖಾಸಗಿ ಕಾಲೇಜಿನ ವಿದ್ಯಾರ್ಥಿಯೊಬ್ಬನಿಗೆ ವರ್ಷಕ್ಕೆ 40,000 ರೂಪಾಯಿ ಶುಲ್ಕವೂ 60,000 ರೂಪಾಯಿ ವಸತಿ ಊಟದ ವೆಚ್ಚವೂ ತಗಲಿದರೆ, ಮೂರು ವರ್ಷಗಳಿಗೆ 3 ಲಕ್ಷವಾಯಿತು. ಅದೇ ಅವಧಿಯಲ್ಲಿ ಅವನು ತಿಂಗಳಿಗೆ 10,000 ರೂಪಾಯಿ ದುಡಿಯಬಹುದಾಗಿದ್ದರೆ, ಕೈಬಿಟ್ಟುಹೋದ ಸಂಪಾದನೆ 3 ಲಕ್ಷ 60 ಸಾವಿರ. ಈ ಎರಡನೆಯ ಮೊತ್ತವನ್ನು ತಂದೆಯಾದವನು ಸಾಮಾನ್ಯವಾಗಿ ಎಣಿಸುವುದೇ ಇಲ್ಲ. ಒಟ್ಟು 6 ಲಕ್ಷ 60 ಸಾವಿರವಾಯಿತು. ಪದವಿಯ ಬಲದಿಂದ ತಿಂಗಳಿಗೆ 5,000 ರೂಪಾಯಿ ಮಾತ್ರ ಹೆಚ್ಚು ಸಂಬಳ ಬಂದರೆ, ಈ ಹಣ ಹಿಂದಿರುಗಲು 11 ವರ್ಷಗಳು ಬೇಕು. ಮನೆಯಿಂದಲೇ ಸರಕಾರಿ ಕಾಲೇಜಿಗೆ ಹೋಗಿಬಂದು ವರ್ಷಕ್ಕೆ 10,000 ರೂಪಾಯಿ ಶುಲ್ಕ ತೆತ್ತವನಿಗೆ ಆರೂವರೆ ವರ್ಷ ಸಾಕು. ಪದವಿಯ ಹೆಸರು ಒಂದೇ ಆದರೂ ಅದರ ಬೆಲೆ ಒಂದೇ ಅಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

ಇನ್ನು ಈ ಪದವಿಯು ಯಾವ ಬಾಗಿಲುಗಳನ್ನು ತೆರೆಯುವುದು? ಔಷಧ ಕಾರಖಾನೆಗಳಲ್ಲಿ ನೀರು, ಗಾಳಿ, ಚುಚ್ಚುಮದ್ದುಗಳು ಜೀವಾಣುರಹಿತವಾಗಿವೆಯೇ ಎಂದು ನೋಡುವ ಕೆಲಸವುಂಟು; ಹಾಲಿನ ಡೈರಿ, ಮದ್ಯಸಾರ ಮತ್ತು ಆಹಾರದ ಕಾರಖಾನೆಗಳಲ್ಲಿ ಪರೀಕ್ಷಕರ ಕೆಲಸವುಂಟು. ಆಹಾರ ಸುರಕ್ಷತಾ ಅಧಿಕಾರಿಯ ಹುದ್ದೆಗೆ 2011ರ ನಿಯಮಗಳು ಈ ಪದವಿಯನ್ನು ಅಂಗೀಕರಿಸಿವೆ. ಆದರೆ ಆ ಹುದ್ದೆಗಳು ಕೆಲವೇ, ಸ್ಪರ್ಧಿಗಳು ಬಹಳ.

ಮುಚ್ಚಿದ ಬಾಗಿಲುಗಳನ್ನೂ ಹೇಳುವುದು ನಮ್ಮ ಕರ್ತವ್ಯ. ಆಸ್ಪತ್ರೆಯಲ್ಲಿ ಸೂಕ್ಷ್ಮಜೀವಿತಜ್ಞನೆನಿಸುವ ವೈದ್ಯನು ಎಂ.ಬಿ.ಬಿ.ಎಸ್. ಮುಗಿಸಿ ಎಂ.ಡಿ. ಪಡೆದವನು. ರಕ್ತ ಕಫಗಳನ್ನು ಪರೀಕ್ಷಿಸುವ ತಂತ್ರಜ್ಞರ ವೃತ್ತಿಯೂ ಬೇರೆಯೇ ಶಿಕ್ಷಣವನ್ನು ಬೇಡುವುದು. 2021ರ ಕೇಂದ್ರ ಶಾಸನವು ಅಂಥ ವೃತ್ತಿಗಳಿಗೆ ಪ್ರತ್ಯೇಕ ನೋಂದಣಿಯನ್ನು ವಿಧಿಸಿದೆ. ಆದುದರಿಂದ "ಡಾಕ್ಟರಿಕೆಗೆ ಸಮೀಪ" ಎಂಬ ಮಾತು ಮೂರು ವರ್ಷಗಳ ಮೇಲೆ ಕಹಿಯಾಗುವ ಸಂಭವವೇ ಹೆಚ್ಚು.

ಈ ಪದವಿಯ ನಿಜವಾದ ಬೆಲೆಯಿರುವುದು ಮುಂದಿನ ಮೆಟ್ಟಿಲಿನಲ್ಲಿ. ಎಂ.ಎಸ್‌ಸಿ. ಮುಗಿಸಿ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಕಿರಿಯ ಸಂಶೋಧನ ವೇತನಕ್ಕೆ ಆಯ್ಕೆಯಾದವನಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಗೊತ್ತಾಗಿದೆ. ಆದರೆ ಅಲ್ಲಿಗೇರಲು ಇನ್ನೆರಡು ವರ್ಷದ ವೆಚ್ಚ ಬೇಕು. ಕರ್ನಾಟಕವು 2021ರಲ್ಲಿ ನಾಲ್ಕು ವರ್ಷಗಳ ಪದವಿಯನ್ನು ತಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಹಿಂದಿರುಗಿತು. ಇಂಥ ಏರುಪೇರಿನ ಭಾರವು ಕೊನೆಗೆ ಬೀಳುವುದು ಬಡವನ ಹೆಗಲ ಮೇಲೆಯೇ.

ದೇಶಕ್ಕೆ ಈ ವಿದ್ಯೆ ಬೇಡವೇ? ಅತ್ಯವಶ್ಯಕವಾಗಿ ಬೇಕು. 1898ರಲ್ಲಿ ಬೆಂಗಳೂರನ್ನು ನಡುಗಿಸಿದ ಪ್ಲೇಗು, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ, 2020ರ ಕೊರೋನಾ ಮಹಾಮಾರಿ ಈ ಮೂರೂ ಪ್ರಯೋಗಶಾಲೆಯಿಲ್ಲದ ನಾಡು ಕುರುಡಾಗಿರುವುದೆಂದು ಸಾರಿ ಹೇಳಿವೆ. ಹತ್ತು ಸಾವಿರ ರೂಪಾಯಿಗಳೊಡನೆ 1978ರಲ್ಲಿ ಬೆಂಗಳೂರಿನಲ್ಲಿ ಕಿಣ್ವಗಳನ್ನು ತಯಾರಿಸಲು ಆರಂಭಿಸಿದ ಬಯೋಕಾನ್ ಸಂಸ್ಥೆಯು, ಈ ಶಾಸ್ತ್ರದಿಂದ ಸಂಪತ್ತೂ ಹುಟ್ಟಬಲ್ಲುದೆಂದು ತೋರಿಸಿದೆ. ಆದರೆ ಅದರ ಸ್ಥಾಪಕಿ ಕಿರಣ್ ಮಜುಂದಾರ್ ಷಾ ಅವರು ಪ್ರಾಣಿಶಾಸ್ತ್ರದ ಪದವಿಯಲ್ಲಿಯೇ ನಿಲ್ಲದೆ, ಆಸ್ಟ್ರೇಲಿಯದ ಬ್ಯಾಲರಾಟ್‌ಗೆ ಹೋಗಿ ಹುದುಗುವಿಕೆಯ ವಿದ್ಯೆಯನ್ನು ಕಲಿತು ಬಂದವರು. ಕೈಗೆ ಕಸುಬು ಸೇರಿದ ಮೇಲೆಯೇ ಪದವಿಗೆ ಬೆಲೆ ಬಂದಿತು.

ನಮ್ಮ ಸೂಚನೆಗಳು ಇಷ್ಟೇ. ಪ್ರತಿಯೊಂದು ಕಾಲೇಜೂ ಹಿಂದಿನ ವರ್ಷಗಳ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಯಾವ ಸಂಬಳದ ಕೆಲಸ ದೊರೆಯಿತೆಂಬುದನ್ನು ಪ್ರವೇಶದ ಸಮಯದಲ್ಲಿ ಪ್ರಕಟಿಸಲಿ; ಸರಕಾರವು ಅದನ್ನು ಕಡ್ಡಾಯಪಡಿಸಲಿ. ಸೂಕ್ಷ್ಮದರ್ಶಕವನ್ನು ದೂರದಿಂದ ತೋರಿಸುವ ಕಾಲೇಜಿಗೆ ಈ ವಿಷಯವನ್ನು ಬೋಧಿಸುವ ಅನುಮತಿ ಬೇಡ. ಕಾರಖಾನೆಗಳು ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಆರು ತಿಂಗಳು ಕೆಲಸ ಕಲಿಯಲು ಸೇರಿಸಿಕೊಳ್ಳಲಿ. ತಂದೆತಾಯಿಗಳೂ ಶುಲ್ಕದ ರಸೀತಿಗೆ ಮುಂಚೆ ಪ್ರಯೋಗಶಾಲೆಯನ್ನು ಕಣ್ಣಾರೆ ನೋಡಲಿ.

ಮೂರು ವರ್ಷದ ಯೌವನವು ಚಿಕ್ಕ ಬಂಡವಾಳವಲ್ಲ. ಅದನ್ನು ತಿಳಿದು ಹೂಡಿದವನು ಕೆಡಲಾರನು. ಸಮಾಧಾನದ ಮಾತನ್ನು ನಂಬಿ ಹೂಡಿದವನನ್ನು ಕೆಡದಂತೆ ಕಾಯುವುದು ಸಮಾಜದ ಹೊಣೆ.