ನಿಮಗಿದು ಗೊತ್ತೆ?: ಒಬ್ಬನೇ ದೇವರು, ಮೂರು ನುಡಿ

ತಂದೆ, ಮಗ, ಪವಿತ್ರಾತ್ಮ ಮೂವರೂ ಸೇರಿ ಒಬ್ಬನೇ ದೇವರು ಎಂಬುದು ಕ್ರೈಸ್ತರ ನಂಬಿಕೆ. ಕನ್ನಡದಲ್ಲಿ ಇದಕ್ಕೆ ‘ತ್ರಿಯೇಕ ದೇವರು’ ಎನ್ನುತ್ತಾರೆ. ಮೂರು ದೇವರುಗಳೂ ಅಲ್ಲ, ಒಬ್ಬನೇ ತೊಟ್ಟ ಮೂರು ವೇಷವೂ ಅಲ್ಲ. ಮಗನದು ತಂದೆಯದೇ ಸತ್ವ ಎಂದು ಕ್ರಿ.ಶ. 325ರ ನೈಸಿಯಾ ಸಭೆ ಸಾರಿತು. ಪವಿತ್ರಾತ್ಮನ ಕುರಿತ ನಂಬಿಕೆ ಸ್ಪಷ್ಟವಾದದ್ದು 381ರಲ್ಲಿ, ಕಾನ್‌ಸ್ಟಾಂಟಿನೋಪಲ್‌ನ ಸಭೆಯಲ್ಲಿ.

ಕನ್ನಡ, ತೆಲುಗು, ತಮಿಳು ಬೆರೆತ ಕೋಲಾರ ಸೀಮೆಯಲ್ಲಿ ಈ ಮೂರನೆಯ ವ್ಯಕ್ತಿಯ ಹೆಸರೇ ಸ್ವಾರಸ್ಯದ್ದು. ಕನ್ನಡದ ಪವಿತ್ರಾತ್ಮ ತೆಲುಗಿನಲ್ಲಿ ‘ಪರಿಶುದ್ಧಾತ್ಮ’. ತಮಿಳಿನಲ್ಲಿ ‘ಪರಿಸುತ್ತ ಆವಿ’. ಇಡ್ಲಿ ಪಾತ್ರೆಯ ಆವಿಯೇ ನೆನಪಾದರೆ ತಪ್ಪೇನಿಲ್ಲ: ಬೈಬಲಿನಲ್ಲಿ ಆತ್ಮಕ್ಕಿರುವ ಮೂಲ ಹೀಬ್ರೂ ಪದ ‘ರೂಆಹ್’ಗೂ ಉಸಿರು, ಗಾಳಿ ಎಂಬ ಅರ್ಥಗಳಿವೆ. ಕ್ಯಾಥೊಲಿಕರು ಹಣೆ, ಎದೆ, ಎರಡೂ ಭುಜ ಮುಟ್ಟಿ ಶಿಲುಬೆಯ ಗುರುತು ಹಾಕುವಾಗ ಹೇಳುವುದೂ ತಂದೆ, ಮಗ, ಪವಿತ್ರಾತ್ಮ ಎಂಬ ಈ ಮೂವರ ಹೆಸರನ್ನೇ.